ಬೆಳಕಿನ ಲೆಕ್ಕದಲ್ಲಿ ನದಿಯ ಪಾಲು

ಶರಾವತಿ ಕಣಿವೆಯಲ್ಲಿ ಎದ್ದಿರುವ ತಕರಾರು ದೂರದಿಂದ ನೋಡುವವರಿಗೆ ಒಗಟಿನಂತೆ ಕಾಣುತ್ತದೆ. ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡಿ, ಬಿಸಿಲು ಗಾಳಿಗಳಿಂದ ವಿದ್ಯುತ್ ತಯಾರಿಸಿ ಎಂದು ದಶಕಗಳಿಂದ ಕೇಳುತ್ತ ಬಂದವರು ಪರಿಸರದ ಪರ ನಿಂತವರು. ಬಿಸಿಲಿನ ವಿದ್ಯುತ್ತನ್ನು ಸಂಜೆಯ ಬಳಕೆಗೆ ಕೂಡಿಡುತ್ತೇವೆ ಎಂದು ಸರ್ಕಾರ 2,000 ಮೆಗಾವ್ಯಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆ ತಂದಾಗ ಬೇಡ ಎಂದವರೂ ಅವರೇ. ಅದೂ ಬೇಡ, ಇದೂ ಬೇಡ ಎಂದರೆ ಮನೆಗಳಿಗೆ ದೀಪ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಕೊಡದೆ ನುಣುಚಿಕೊಳ್ಳುವುದು ಸರಿಯಲ್ಲ. ಉತ್ತರ ಇದೆ ಎಂಬುದು ಈ ಲೇಖನದ ವಾದ. ಶುದ್ಧ ವಿದ್ಯುತ್ತಿನ ಬೇಡಿಕೆಯೂ ಆರೋಗ್ಯವಂತ ನದಿಯ ಬೇಡಿಕೆಯೂ ಪರಸ್ಪರ ವಿರುದ್ಧವಲ್ಲ. ಅವೆರಡೂ ಡಿಕ್ಕಿ ಹೊಡೆಯುವುದು ನಾವು ಯೋಜನೆಯ ಜಾಗವನ್ನು ಮೊದಲು ನಿರ್ಧರಿಸಿ, ನದಿಗಾಗುವ ನಷ್ಟವನ್ನು ಕೊನೆಗೆ ಅಡಿಟಿಪ್ಪಣಿಯಂತೆ ಸೇರಿಸುವುದರಿಂದ. ಈ ಕ್ರಮ ತಿರುಗಿದರೆ ಜಗಳದ ಬಹುಪಾಲು ತಾನಾಗಿ ಕರಗುತ್ತದೆ.

ಮೊದಲು ಇವೆರಡರ ನಂಟನ್ನು ಗಮನಿಸಬೇಕು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಗಾಳಿಯನ್ನಷ್ಟೇ ಕೆಡಿಸುವುದಿಲ್ಲ, ನದಿಯ ನೀರನ್ನೂ ಕುಡಿಯುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಹಳೆಯ ಉಷ್ಣ ಸ್ಥಾವರಗಳು ತಂಪುಗೋಪುರ ಬಳಸಿಯೂ ಒಂದು ಮೆಗಾವ್ಯಾಟ್-ತಾಸಿಗೆ 3.5 ಘನ ಮೀಟರ್ ನೀರನ್ನು ಮೀರುವಂತಿಲ್ಲ. ಮನೆಯ ಮೀಟರಿನ ಲೆಕ್ಕಕ್ಕೆ ಇಳಿಸಿದರೆ ಒಂದು ಯೂನಿಟ್ಟಿಗೆ ಮೂರೂವರೆ ಲೀಟರ್. ಕೃಷ್ಣೆಯ ದಂಡೆಯಲ್ಲಿರುವ 1,720 ಮೆಗಾವ್ಯಾಟ್‌ನ ರಾಯಚೂರು ಸ್ಥಾವರಕ್ಕೂ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಊರುಗಳಿಗೂ ಆಸರೆ ಅದೇ ನದಿ. ಜೊತೆಗೆ ಹಾರುಬೂದಿಯ ಕೆರೆಗಳು, ಅಲ್ಲಿಂದ ಜಿನುಗುವ ಲೋಹಾಂಶ, ನೆಲದ ನೀರಿಗೆ ಸೇರುವ ವಿಷ. ಸೌರಫಲಕಕ್ಕೆ ತೊಳೆಯಲು ಒಂದಿಷ್ಟು ನೀರು ಬೇಕು, ಗಾಳಿಯಂತ್ರಕ್ಕೆ ಅದೂ ಬೇಡ. ಆದ್ದರಿಂದ ಕಲ್ಲಿದ್ದಲಿನಿಂದ ಬಿಸಿಲು ಗಾಳಿಗಳ ಕಡೆಗೆ ಹೊರಳುವುದು ನದಿಯ ಪರವಾದ ಹೆಜ್ಜೆಯೇ. ನದಿಯನ್ನು ಉಳಿಸಬೇಕೆನ್ನುವ ಯಾರೂ ಈ ಹೊರಳಿಕೆಯನ್ನು ವಿರೋಧಿಸಲು ಕಾರಣವಿಲ್ಲ. ವಿರೋಧ ಇರುವುದು ಆ ಹೊರಳಿಕೆಯ ಹೆಸರಿನಲ್ಲಿ ಮತ್ತೊಂದು ನದಿಯನ್ನು ಒತ್ತೆ ಇಡುವುದಕ್ಕೆ.

ಅಕ್ಕಪಕ್ಕದ ಎರಡು ಅಳಿವೆಗಳು

ನದಿಯನ್ನು ವಿದ್ಯುತ್ತಿಗೆ ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಊಹೆ ಬೇಕಿಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಅದಕ್ಕೆ ಪ್ರಯೋಗಶಾಲೆಯಷ್ಟೇ ಸ್ಪಷ್ಟವಾದ ಪುರಾವೆ ಇದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುತ್ತದೆ, ಅಲ್ಲಿಂದ ಸ್ವಲ್ಪವೇ ಉತ್ತರಕ್ಕೆ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ. ಎರಡೂ ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಒಂದೇ ಬಗೆಯ ಕಾಡಿನಲ್ಲಿ ಇಳಿದು, ಒಂದೇ ಮಳೆಗಾಲ ಕಂಡು ಒಂದೇ ಕಡಲಿಗೆ ಬೀಳುವ ಹೊಳೆಗಳು. ವ್ಯತ್ಯಾಸ ಒಂದೇ. ಶರಾವತಿಗೆ ಲಿಂಗನಮಕ್ಕಿ, ತಳಕಳಲೆ, ಗೇರುಸೊಪ್ಪ ಎಂದು ಅಣೆಕಟ್ಟುಗಳ ಸಾಲು. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಶರಾವತಿಯ ಅಳಿವೆಗೆ ವಿದ್ಯುತ್ ಕೇಂದ್ರಗಳಿಂದ ವರ್ಷವಿಡೀ ಸಿಹಿನೀರು ಹರಿದು ಬರುತ್ತದೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಏರುವುದೇ ಇಲ್ಲ. ಮೇಲುನೋಟಕ್ಕೆ ಇದು ಒಳ್ಳೆಯದೇ ಅನ್ನಿಸೀತು. ಆದರೆ ಅಳಿವೆಯ ಬದುಕು ನಿಂತಿರುವುದೇ ಉಪ್ಪು ಸಿಹಿಗಳ ಋತುಮಾನದ ಏರಿಳಿತದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎರಡೂ ಅಳಿವೆಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳು, ಶರಾವತಿಯಲ್ಲಿ ತಿನ್ನುವ ಚಿಪ್ಪುಜೀವಿಗಳು ಬಹುತೇಕ ಕಣ್ಮರೆಯಾದುದನ್ನೂ ಮೀನಿನ ವೈವಿಧ್ಯ ಅಘನಾಶಿನಿಗಿಂತ ಕಡಿಮೆ ಇರುವುದನ್ನೂ ದಾಖಲಿಸಿವೆ.

ಅದೇ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ನೂರಾರು ಜನ ಮಣ್ಣಿನಲ್ಲಿ ಚಿಪ್ಪು ಆಯುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ಎರಡು ದಶಕಗಳ ಹಿಂದಿನ ಅಧ್ಯಯನವೊಂದರ ಅಂದಾಜಿನಂತೆ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಇದು ನೇರ ದುಡಿಮೆ, ವರ್ಷದ ಇಳುವರಿ ಸುಮಾರು 22,000 ಟನ್. ಇದರ ಜೊತೆಗೆ ಉಪ್ಪುನೀರಿನ ಗಜನಿ ಗದ್ದೆಗಳ ಕಗ್ಗ ಭತ್ತ, ಸೀಗಡಿ, ಕಾಂಡ್ಲಾ ಕಾಡು. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಂಡವಾಳ ಹೂಡದೆ, ಸಬ್ಸಿಡಿ ಕೇಳದೆ ಪ್ರತಿದಿನ ಅನ್ನ ಹುಟ್ಟಿಸುವ ಈ ವ್ಯವಸ್ಥೆ ಯಾವ ವಿದ್ಯುತ್ ಯೋಜನೆಯ ವೆಚ್ಚದ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಶರಾವತಿಯ ಅಳಿವೆಯಲ್ಲಿ ಚಿಪ್ಪು ಹೋದಾಗ ಯಾವ ಇಲಾಖೆಯೂ ಅದನ್ನು ನಷ್ಟವೆಂದು ಬರೆದುಕೊಳ್ಳಲಿಲ್ಲ, ಯಾರಿಗೂ ಪರಿಹಾರ ಸಿಗಲಿಲ್ಲ. ಶರಾವತಿಯ ವಿದ್ಯುತ್ ಅಗ್ಗ ಎಂದು ನಾವು ಹೇಳುತ್ತ ಬಂದಿದ್ದೇವೆ. ಅದರ ಬೆಲೆಯ ಒಂದು ಭಾಗವನ್ನು ಹೊನ್ನಾವರದ ಬಡ ಮನೆಗಳು ಯಾರಿಗೂ ಹೇಳದೆ ಕಟ್ಟುತ್ತ ಬಂದಿವೆ.

ಬೆಲೆ ಕಟ್ಟಿದ ಮತ್ತೊಂದು ವರ್ಗ ಘಟ್ಟದ ಮೇಲಿನ ಮುಳುಗಡೆ ಸಂತ್ರಸ್ತರು. 1940ರ ದಶಕದ ಹಿರೇಭಾಸ್ಕರ ಅಣೆಕಟ್ಟು, 1964ರ ಲಿಂಗನಮಕ್ಕಿ ಇವೆರಡೂ ಸೇರಿ ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ಅಡಿಕೆ ತೋಟಗಳನ್ನು ನುಂಗಿದವು. ಸಾವಿರಾರು ಕುಟುಂಬಗಳು ಕಾಡಿನ ಅಂಚಿಗೆ ಬಂದು ಬಿದ್ದವು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರ ಇಲ್ಲ. ಹಿನ್ನೀರು ಸುತ್ತುವರಿದ ಕರೂರು, ತುಮರಿ ಭಾಗದ ಜನ ಆಸ್ಪತ್ರೆಗೂ ಕಾಲೇಜಿಗೂ ಲಾಂಚ್‌ಗೆ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ, ಅಣೆಕಟ್ಟು ತುಂಬಿ ಆರು ದಶಕಗಳ ನಂತರ. ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಈ ನೋವನ್ನು ಕನ್ನಡದ ಓದುಗರಿಗೆ ತಲುಪಿಸಿದವು, ಆಡಳಿತದ ಕಡತಗಳಿಗೆ ಅದು ತಲುಪಲಿಲ್ಲ. ರಾಜ್ಯಕ್ಕೆ ಬೆಳಕು ಕೊಟ್ಟ ಕಣಿವೆಯ ಹಲವು ಹಳ್ಳಿಗಳು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಇಂಥ ಅನುಭವ ಇರುವ ಜನ ಹೊಸ ಯೋಜನೆಯ ಹೆಸರು ಕೇಳಿದ ಕೂಡಲೇ ಅನುಮಾನ ಪಟ್ಟರೆ ಅದನ್ನು ಅಜ್ಞಾನ ಎನ್ನಲಾಗದು. ಅದು ಅನುಭವದಿಂದ ಬಂದ ವಿವೇಕ.

ಹೊಸ ಯೋಜನೆ ಕೇಳುವುದೇನು?

ಪಂಪ್ಡ್ ಸ್ಟೋರೇಜ್‌ನ ತತ್ವ ಸರಳ. ಮಧ್ಯಾಹ್ನ ಬಿಸಿಲಿನ ವಿದ್ಯುತ್ ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಳಕಳಲೆಗೆ ಎತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಸುರಂಗದಲ್ಲಿ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಇದು ವಿದ್ಯುತ್ತನ್ನು ಹುಟ್ಟಿಸುವ ಯೋಜನೆಯಲ್ಲ, ಕೂಡಿಡುವ ಯೋಜನೆ. ಕೂಡಿಟ್ಟದ್ದರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಇಂಥ ವ್ಯವಸ್ಥೆಗಳ ದಕ್ಷತೆ ಸಾಮಾನ್ಯವಾಗಿ ಶೇ 75ರಿಂದ 80. 2,000 ಮೆಗಾವ್ಯಾಟ್ ಘಟಕಗಳನ್ನು ಆರು ತಾಸು ಪೂರ್ಣವಾಗಿ ಓಡಿಸಿದರೆ 1.2 ಕೋಟಿ ಯೂನಿಟ್ ಸಿಗುತ್ತದೆ. ಅದಕ್ಕಾಗಿ ನೀರೆತ್ತಲು ಕನಿಷ್ಠ 1.5 ಕೋಟಿ ಯೂನಿಟ್ ಬೇಕು. ದಿನಕ್ಕೆ 30 ಲಕ್ಷ ಯೂನಿಟ್ ನಷ್ಟ, ಅಂದರೆ ತಿಂಗಳಿಗೆ 100 ಯೂನಿಟ್ ಬಳಸುವ 30,000 ಮನೆಗಳ ಒಂದು ತಿಂಗಳ ವಿದ್ಯುತ್. ಮಧ್ಯಾಹ್ನ ಬಳಕೆಯಾಗದೆ ವ್ಯರ್ಥವಾಗುವ ಸೌರವಿದ್ಯುತ್ತನ್ನೇ ಬಳಸಿದರೆ ಈ ನಷ್ಟವನ್ನು ಒಪ್ಪಿಕೊಳ್ಳಬಹುದು. ಆದರೆ ಅದೇ ವಿದ್ಯುತ್ತನ್ನು ಕೂಡಿಡದೆ ಆಗಲೇ ಬಳಸುವ ದಾರಿ ಇದೆಯೇ ಎಂದು ನೋಡಿದ ಮೇಲೆ ಮಾತ್ರ ಆ ಒಪ್ಪಿಗೆ ಸಲ್ಲುತ್ತದೆ.

ಜಾಗದ ಪ್ರಶ್ನೆ ಇನ್ನೂ ದೊಡ್ಡದು. ಎರಡು ಜಲಾಶಯಗಳ ನಡುವಿನ ಕಾಡು 2019ರಲ್ಲಿ ಸಿಂಗಳೀಕಗಳಿಗಾಗಿಯೇ ಘೋಷಣೆಯಾದ, ಸುಮಾರು 930 ಚದರ ಕಿಲೋಮೀಟರ್ ವಿಸ್ತಾರದ ಶರಾವತಿ ಅಭಯಾರಣ್ಯದ ಒಳಗಿದೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಸಿಂಗಳೀಕ ಇಲ್ಲ, ಇರುವ ಪ್ರೌಢ ಪ್ರಾಣಿಗಳು ಎರಡೂವರೆ ಸಾವಿರವನ್ನು ಮೀರಲಾರವು ಎಂಬುದು ತಜ್ಞರ ಅಂದಾಜು. ಅದು ಮರದಿಂದ ಮರಕ್ಕೆ ಹೋಗಿ ಬದುಕುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಆದ್ದರಿಂದ ಯೋಜನೆಗೆ ಬೇಕಾದ ಅರಣ್ಯ ಸುಮಾರು 54 ಹೆಕ್ಟೇರ್ ಮಾತ್ರ ಎನ್ನುವ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಕಡಿಯಬೇಕಾದ ಮರಗಳು 15,000ಕ್ಕೂ ಹೆಚ್ಚು. ಅವು ಒಂದೇ ಮೂಲೆಯಲ್ಲಿ ಗುಂಪಾಗಿಲ್ಲ. ರಸ್ತೆ ಅಗಲಿಸುವಲ್ಲಿ, ಸುರಂಗದ ಬಾಯಿಗಳಲ್ಲಿ, ಕಲ್ಲುಮಣ್ಣು ಸುರಿಯುವಲ್ಲಿ ಹೋಗುವ ಮರಗಳು ಅವು. ಸೀರೆಯನ್ನು ನಡುವೆ ಒಂದೇ ಒಂದು ಎಳೆಯ ಅಗಲಕ್ಕೆ ಉದ್ದಕ್ಕೂ ಹರಿದರೂ ಅದು ಎರಡು ತುಂಡೇ, ಹೋದ ಬಟ್ಟೆ ಎಷ್ಟು ಚದರ ಅಂಗುಲ ಎಂದು ಅಳೆದು ಪ್ರಯೋಜನವಿಲ್ಲ. ಮರದ ಮೇಲಿನ ದಾರಿ ತುಂಡಾದರೆ ಸಿಂಗಳೀಕಗಳ ಗುಂಪುಗಳು ಒಂದರಿಂದೊಂದು ಬೇರೆಯಾಗುತ್ತವೆ, ತಲೆಮಾರುಗಳಲ್ಲಿ ಕ್ಷೀಣಿಸುತ್ತವೆ. ಅದರ ಮೇಲೆ ಇಲ್ಲಿನ ಕಡಿದಾದ ಇಳಿಜಾರು, ಭಾರಿ ಮಳೆ, ಸಡಿಲ ಮಣ್ಣು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕತ್ತರಿಸಿದ ಗುಡ್ಡ ಗಂಗಾವಳಿಗೆ ಕುಸಿದು ಜೀವಗಳು ಹೋದವು. ಇದೇ ಜಿಲ್ಲೆಯ ಇಂಥದ್ದೇ ಇಳಿಜಾರಿನೊಳಗೆ ಸುರಂಗ ಕೊರೆಯುವ ಮುನ್ನ ಆ ಕುಸಿತ ಕಲಿಸಿದ್ದನ್ನು ಮರೆಯುವಂತಿಲ್ಲ.

ಈ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸ್ಥಳೀಯರ ಅಹವಾಲು ಕೇಳುವ ಸಭೆಗಳು ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ನಡೆದದ್ದು ಆಮೇಲೆ, ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಯೋಜನೆಯ ವಿನ್ಯಾಸವೂ ಗುತ್ತಿಗೆಯೂ ಮುಂದೆ ಹೋಗಿದ್ದವು. ಸಭೆಗಳಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ವಿರೋಧ ದಾಖಲಿಸಿದರು. ಮೇಲೆ ಹೇಳಿದ ಕ್ರಮದ ದೋಷ ಇದೇ. ಜಾಗ ಗೊತ್ತುಮಾಡಿ, ಹಣ ಹೊಂದಿಸಿ, ಕಾಗದ ಸಿದ್ಧವಾದ ಮೇಲೆ ಜನರ ಮುಂದೆ ಇಟ್ಟರೆ ಜನರಿಗೆ ಉಳಿಯುವುದು ಹೌದು ಅಥವಾ ಇಲ್ಲ ಎಂಬ ಎರಡೇ ಮಾತು. ಬೇರೆಲ್ಲಿ ಮಾಡಬಹುದು, ಬೇರೆ ಹೇಗೆ ಮಾಡಬಹುದು ಎಂಬ ಚರ್ಚೆಗೆ ಅಲ್ಲಿ ಜಾಗವೇ ಇಲ್ಲ. ಆಮೇಲೆ ಇಲ್ಲ ಎಂದವರನ್ನು ಅಭಿವೃದ್ಧಿ ವಿರೋಧಿಗಳು ಎಂದು ಕರೆಯುವುದು ಅನ್ಯಾಯ.

ದೊಡ್ಡ ಯೋಜನೆಗಳಿಗೆ ಕನಿಷ್ಠ ಇಷ್ಟಾದರೂ ಪರಿಶೀಲನೆ ಇದೆ. 25 ಮೆಗಾವ್ಯಾಟ್‌ಗಿಂತ ಚಿಕ್ಕ ಜಲವಿದ್ಯುತ್ ಘಟಕಗಳಿಗೆ 2006ರ ಪರಿಸರ ಅಧಿಸೂಚನೆ ಪರಿಣಾಮ ಅಧ್ಯಯನದಿಂದಲೇ ವಿನಾಯಿತಿ ಕೊಟ್ಟಿದೆ. ಚಿಕ್ಕದು ಎಂದರೆ ಹಾನಿಯಿಲ್ಲದ್ದು ಎಂಬ ನಂಬಿಕೆ ಅದರ ಹಿಂದಿದೆ. ಸುಮಾರು 1,280 ಮೆಗಾವ್ಯಾಟ್ ಕಿರು ಜಲವಿದ್ಯುತ್ತಿನಿಂದ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ. ಆದರೆ ಈ ಘಟಕಗಳು ಹೊಳೆಗೆ ಅಡ್ಡಗಟ್ಟಿ, ನೀರನ್ನು ಕಾಲುವೆಗೋ ಕೊಳವೆಗೋ ತಿರುಗಿಸಿ, ಬಹಳ ಕೆಳಗೆ ಮತ್ತೆ ಬಿಡುತ್ತವೆ. ನಡುವಿನ ಹೊಳೆ ಬೇಸಿಗೆಯಲ್ಲಿ ಬರೀ ಬಂಡೆ. ರಾಜ್ಯದ ಪಶ್ಚಿಮ ಘಟ್ಟದಲ್ಲಿ ನಡೆದ ಸಂಶೋಧನೆ ಇಂಥ ಒಣಗಿದ ಭಾಗಗಳಲ್ಲಿ ಮೀನಿನ ಜಾತಿಗಳ ಸಂಯೋಜನೆಯೇ ಬದಲಾದುದನ್ನು ತೋರಿಸಿದೆ. ಒಂದೇ ಹೊಳೆಯ ಮೇಲೆ ಇಂಥ ಹಲವು ಘಟಕಗಳು ಸಾಲಾಗಿ ಬಂದರೆ ಒಟ್ಟು ಪರಿಣಾಮ ದೊಡ್ಡ ಅಣೆಕಟ್ಟಿಗಿಂತ ಕಡಿಮೆ ಇರಲೇಬೇಕೆಂದಿಲ್ಲ, ಆದರೆ ಒಟ್ಟು ಪರಿಣಾಮವನ್ನು ಅಳೆಯುವ ಹೊಣೆ ಯಾರದೂ ಅಲ್ಲ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡ ಎಂದದ್ದು ಇಂಥ ಒಟ್ಟು ಲೆಕ್ಕ ಹಾಕಿಯೇ. ಒಂದು ಅಣೆಯನ್ನಲ್ಲ, ಇಡೀ ಕಣಿವೆಯನ್ನು ಘಟಕವಾಗಿ ಇಟ್ಟುಕೊಂಡು ನೋಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಲೆಕ್ಕ ಕೇಳಿದ ಚಳವಳಿ

ಈ ಪ್ರದೇಶದ ಪರಿಸರ ಹೋರಾಟವನ್ನು ಭಾವುಕತೆ ಎಂದು ತಳ್ಳಿಹಾಕುವವರು ಅದರ ಇತಿಹಾಸವನ್ನು ನೋಡಬೇಕು. ಬೇಡ್ತಿ ನದಿಗೆ ಅಣೆ ಕಟ್ಟುವ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರು ತಮ್ಮ ಸಹಕಾರ ಸಂಘದ ಬಲದಿಂದ 1981ರಲ್ಲಿ ವಿಚಾರ ಸಂಕಿರಣ ಏರ್ಪಡಿಸಿ, ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಯೋಜನೆಯ ಲಾಭನಷ್ಟವನ್ನು ಹೊಸದಾಗಿ ಲೆಕ್ಕ ಹಾಕಿಸಿದರು. ಮುಳುಗುವ ತೋಟಗಳ ಬೆಲೆ, ಹೋಗುವ ಕಾಡಿನ ಬೆಲೆ ಸೇರಿಸಿದಾಗ ಯೋಜನೆಯ ಲಾಭ ಉಳಿಯಲಿಲ್ಲ. ಯೋಜನೆ ಹಿಂದೆ ಸರಿಯಿತು. ದೇಶದಲ್ಲಿ ರೈತರು ಒಂದು ದೊಡ್ಡ ಯೋಜನೆಯನ್ನು ಘೋಷಣೆಯಿಂದಲ್ಲದೆ ಅಂಕಿ ಅಂಶದಿಂದ ಎದುರಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯಲ್ಲಿ, ಮರಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆಯುವ ಅಪ್ಪಿಕೊ ಚಳವಳಿ ಶುರುವಾಯಿತು. ಮುಂದೆ 2000ರ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಾಗಲೂ ಅಘನಾಶಿನಿಯ ಅಳಿವೆಯ ಆದಾಯದ ಲೆಕ್ಕವೇ ವಿರೋಧಕ್ಕೆ ಬೆನ್ನೆಲುಬಾಯಿತು. ಆ ಸ್ಥಾವರ ಬರಲಿಲ್ಲ. ಬೇಡ್ತಿಯಲ್ಲಿ ಜಲವಿದ್ಯುತ್ತನ್ನು, ತದಡಿಯಲ್ಲಿ ಕಲ್ಲಿದ್ದಲನ್ನು ತಡೆದ ಜನ ಒಂದೇ ಮಾತನ್ನು ಎರಡು ಬಾರಿ ಹೇಳಿದ್ದರು: ಲೆಕ್ಕ ಪೂರ್ತಿ ಇರಲಿ. ಇಂದು ತದಡಿಯ ಎದುರಿಗಿರುವ ರಾಮ್ಸಾರ್ ಅಳಿವೆಯನ್ನು ನೋಡಿದರೆ ಆ ಮಾತು ಎಷ್ಟು ಸರಿಯಾಗಿತ್ತೆಂದು ಗೊತ್ತಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಅತಿ ಗಟ್ಟಿಯಾದದ್ದು: ಬಿಸಿಲು ಸಂಜೆ ಇರುವುದಿಲ್ಲ, ಶೇಖರಣೆ ಇಲ್ಲದೆ ಕಲ್ಲಿದ್ದಲು ನಿಲ್ಲುವುದಿಲ್ಲ. ಇದು ನಿಜ. ಕರ್ನಾಟಕದ ಗರಿಷ್ಠ ಬೇಡಿಕೆ 2025ರಲ್ಲಿ 18,000 ಮೆಗಾವ್ಯಾಟ್ ದಾಟಿದೆ. ಸೌರ ಮತ್ತು ಪವನ ಎರಡೂ ಸೇರಿ ಸ್ಥಾಪಿತ ಸಾಮರ್ಥ್ಯ 15,000 ಮೆಗಾವ್ಯಾಟ್ ಮೀರಿದ್ದರೂ ಸಂಜೆಯ ಕೊರತೆ ತಪ್ಪಿಲ್ಲ. 2023ರ ಬರಗಾಲದಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮಿನಡಿ ಖಾಸಗಿ ಉತ್ಪಾದಕರ ವಿದ್ಯುತ್ತನ್ನು ರಾಜ್ಯದಲ್ಲೇ ಉಳಿಸಿಕೊಳ್ಳಬೇಕಾಯಿತು. ಶೇಖರಣೆ ಬೇಕೇ ಬೇಕು. ಆದರೆ ಶೇಖರಣೆ ಬೇಕು ಎಂಬುದರಿಂದ ಅದು ಶರಾವತಿಯ ಅಭಯಾರಣ್ಯದಲ್ಲೇ ಬೇಕು ಎಂಬುದು ಹೊಮ್ಮುವುದಿಲ್ಲ. ನಡುವೆ ಹಲವು ಮೆಟ್ಟಿಲುಗಳಿವೆ, ಅವನ್ನು ಹಾರಿ ನೇರವಾಗಿ ಕೊನೆಯದಕ್ಕೆ ಹೋಗಲಾಗಿದೆ.

ಮೊದಲ ಮೆಟ್ಟಿಲು ಬೇಡಿಕೆಯನ್ನು ಬಿಸಿಲಿನ ಹೊತ್ತಿಗೆ ತರುವುದು. ರಾಜ್ಯದ ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗದಷ್ಟು ನೀರಾವರಿ ಪಂಪ್‌ಸೆಟ್ಟುಗಳಿಗೆ ಹೋಗುತ್ತದೆ. ಮೂವತ್ತು ಲಕ್ಷಕ್ಕೂ ಹೆಚ್ಚಿರುವ ಈ ಪಂಪ್‌ಸೆಟ್ಟುಗಳಿಗೆ ರಾತ್ರಿ ಕರೆಂಟ್ ಕೊಡುವ ಪದ್ಧತಿಯಿಂದ ರೈತ ಕತ್ತಲಲ್ಲಿ ಹಾವು, ಕಾಡುಹಂದಿಗಳ ನಡುವೆ ಮೋಟಾರು ಚಾಲೂ ಮಾಡಲು ಹೋಗಬೇಕು. ಕೃಷಿ ಫೀಡರುಗಳಿಗೆ ಸ್ಥಳೀಯವಾಗಿ ಸೌರಘಟಕ ಜೋಡಿಸುವ ಕುಸುಮ್ ಯೋಜನೆ ರಾಜ್ಯದಲ್ಲಿ ಶುರುವಾಗಿದೆ. ಅದನ್ನು ಪೂರ್ಣಗೊಳಿಸಿದರೆ ಮಧ್ಯಾಹ್ನದ ಹೆಚ್ಚುವರಿ ಬಿಸಿಲು ನೇರವಾಗಿ ಹೊಲಕ್ಕೆ ನೀರಾಗಿ ಹರಿಯುತ್ತದೆ, ಕೂಡಿಡುವ ಅಗತ್ಯವೇ ಅಷ್ಟು ತಗ್ಗುತ್ತದೆ, ದೂರದಿಂದ ತಂತಿಯಲ್ಲಿ ಸಾಗಿಸುವಾಗಿನ ಸೋರಿಕೆಯೂ ತಪ್ಪುತ್ತದೆ. ಅಂತರ್ಜಲ ಇನ್ನಷ್ಟು ಬರಿದಾಗದಂತೆ ಅದಕ್ಕೆ ಮಿತಿ ಬೇಕು ಎಂಬುದೂ ನಿಜ, ಫೀಡರು ಮಟ್ಟದಲ್ಲಿ ಗಂಟೆಗಳನ್ನು ನಿಗದಿ ಮಾಡುವುದರಿಂದ ಆ ಮಿತಿ ಸಾಧ್ಯ. ಎರಡನೆಯ ಮೆಟ್ಟಿಲು ಈಗಿರುವ ಜಲವಿದ್ಯುತ್ತನ್ನೇ ಸಂಜೆಗೆ ಮೀಸಲಿಡುವುದು. ಕರ್ನಾಟಕ ವಿದ್ಯುತ್ ನಿಗಮದ ಜಲವಿದ್ಯುತ್ ಸಾಮರ್ಥ್ಯ ಸುಮಾರು 3,600 ಮೆಗಾವ್ಯಾಟ್, ಅದರಲ್ಲಿ ಶರಾವತಿ ಕೇಂದ್ರವೊಂದೇ 1,035. ಹಗಲು ಬಿಸಿಲಿದ್ದಾಗ ಈ ಟರ್ಬೈನುಗಳನ್ನು ನಿಲ್ಲಿಸಿ ನೀರನ್ನು ಲಿಂಗನಮಕ್ಕಿಯಲ್ಲೇ ಉಳಿಸಿದರೆ ಅದು ಒಂದು ಹನಿಯನ್ನೂ ಮೇಲೆತ್ತದೆ ಮಾಡಿದ ಶೇಖರಣೆ. ಸ್ವಲ್ಪಮಟ್ಟಿಗೆ ಇದು ಈಗಲೂ ನಡೆಯುತ್ತಿದೆ. ಇದನ್ನು ಕಟ್ಟುನಿಟ್ಟಿನ ನಿಯಮವಾಗಿಸಿದರೆ ಇನ್ನೆಷ್ಟು ಕೊರತೆ ಉಳಿಯುತ್ತದೆ ಎಂಬ ಲೆಕ್ಕವನ್ನು ನಿಗಮ ಜನರ ಮುಂದೆ ಇಡಬೇಕು.

ಆ ಬಳಿಕವೂ ಉಳಿಯುವ ಕೊರತೆಗೆ ಬ್ಯಾಟರಿ ಇದೆ. 2022ರಲ್ಲಿ ಕೇಂದ್ರದ ಸೌರಶಕ್ತಿ ನಿಗಮದ ಹರಾಜಿನಲ್ಲಿ ಎರಡು ತಾಸಿನ ಬ್ಯಾಟರಿಗೆ ತಿಂಗಳಿಗೆ ಪ್ರತಿ ಮೆಗಾವ್ಯಾಟ್‌ಗೆ 10.84 ಲಕ್ಷ ರೂಪಾಯಿ ದರ ಬಂದಿತ್ತು. 2025ರ ಹೊತ್ತಿಗೆ ರಾಜ್ಯಗಳ ಹರಾಜುಗಳಲ್ಲಿ ಅದು, ಸರ್ಕಾರದ ನೆರವೂ ಸೇರಿ, ಎರಡೂವರೆ ಲಕ್ಷದ ಕೆಳಗೆ ಇಳಿದಿದೆ. ಪಂಪ್ಡ್ ಸ್ಟೋರೇಜ್‌ಗೆ ನಲವತ್ತು ವರ್ಷ ಆಯುಷ್ಯ, ಬ್ಯಾಟರಿಗೆ ಅದರ ಮೂರನೇ ಒಂದು ಭಾಗ ಎಂಬುದು ಒಪ್ಪತಕ್ಕ ಮಾತು. ಆದರೆ ಬ್ಯಾಟರಿಯನ್ನು ಒಂದೆರಡು ವರ್ಷದಲ್ಲಿ, ಬೇಕಾದಷ್ಟೇ ಪ್ರಮಾಣದಲ್ಲಿ, ಕಾಡಿಲ್ಲದ ಸಬ್‌ಸ್ಟೇಷನ್ ಅಂಗಳದಲ್ಲಿ ಇಡಬಹುದು. ಬೇಡಿಕೆಯ ಅಂದಾಜು ತಪ್ಪಾದರೆ ಮುಂದಿನ ಕಂತನ್ನು ನಿಲ್ಲಿಸಬಹುದು. ಕೊರೆದ ಸುರಂಗವನ್ನು ಹಿಂದಕ್ಕೆ ಪಡೆಯಲಾಗದು. ದರ ಇಷ್ಟು ವೇಗದಲ್ಲಿ ಇಳಿಯುತ್ತಿರುವಾಗ ಸಾವಿರಾರು ಕೋಟಿಯನ್ನು ಒಂದೇ ಜಾಗದಲ್ಲಿ ಹೂತಿಡುವುದು ಹಣಕಾಸಿನ ದೃಷ್ಟಿಯಿಂದಲೂ ದುಡುಕು. ಬ್ಯಾಟರಿಯೂ ನಿರ್ದೋಷಿಯಲ್ಲ, ಲಿಥಿಯಂ ಎಲ್ಲಿಂದಲೋ ಅಗೆಯಬೇಕು, ಮಂಡ್ಯದ ಮರ್ಲಗಾಲದಲ್ಲೂ ಅದರ ನಿಕ್ಷೇಪ ಪತ್ತೆಯಾಗಿದೆ. ಅಲ್ಲಿ ಗಣಿ ತೆರೆಯುವ ಮಾತು ಬಂದರೆ ಅಲ್ಲಿನ ನೀರಿಗೂ ನೆಲಕ್ಕೂ ಇದೇ ಪ್ರಶ್ನೆ ಕೇಳಬೇಕು. ಒಂದು ಕಡೆ ಕೇಳಿ ಇನ್ನೊಂದು ಕಡೆ ಸುಮ್ಮನಿದ್ದರೆ ನಮ್ಮ ವಾದಕ್ಕೆ ನೈತಿಕ ಬಲ ಇರುವುದಿಲ್ಲ.

ಎರಡನೆಯ ಆಕ್ಷೇಪ: ಶರಾವತಿಯಲ್ಲಿ ಜಲಾಶಯಗಳು ಈಗಾಗಲೇ ಇವೆ, ಹೊಸ ಮುಳುಗಡೆ ಇಲ್ಲ, ಹಾಳಾದ ಕಣಿವೆಯನ್ನು ಬಳಸುವುದೇ ಲೇಸಲ್ಲವೇ? ಈ ವಾದದಲ್ಲಿ ತಿರುಳಿದೆ. ಹೊಸ ಅಣೆ ಕಟ್ಟುವುದಕ್ಕಿಂತ ಇರುವ ಜಲಾಶಯ ಬಳಸುವುದು ತಾತ್ವಿಕವಾಗಿ ಉತ್ತಮವೇ. ಆದರೆ ರಾಜ್ಯದಲ್ಲಿ ಜಲಾಶಯಗಳಿರುವುದು ದಟ್ಟ ಕಾಡಿನಲ್ಲಿ ಮಾತ್ರವಲ್ಲ. ಬಯಲುಸೀಮೆಯಲ್ಲೂ ಜಲಾಶಯಗಳಿವೆ, ಪಕ್ಕದಲ್ಲಿ ಗುಡ್ಡಗಳಿವೆ. ಸವದತ್ತಿಯ ಬಳಿ ಮಲಪ್ರಭೆಯ ರೇಣುಕಾಸಾಗರವನ್ನು ಬಳಸಿಕೊಳ್ಳುವ ಪಂಪ್ಡ್ ಸ್ಟೋರೇಜ್ ಯೋಜನೆ ಇದಕ್ಕೆ ಉದಾಹರಣೆ. ಪ್ರತಿ ಜಾಗಕ್ಕೂ ಅದರದೇ ಆದ ತೊಂದರೆಗಳಿರುತ್ತವೆ, ಅವನ್ನೂ ತೂಗಬೇಕು. ಆದರೂ ಅಭಯಾರಣ್ಯದ ಹೊರಗಿನ ಎಲ್ಲ ಜಾಗಗಳನ್ನು ಅಕ್ಕಪಕ್ಕ ಇಟ್ಟು, ಯಾವುದರಲ್ಲಿ ಕಾಡು, ನೀರು, ಜನರಿಗೆ ಕಡಿಮೆ ಪೆಟ್ಟು ಎಂದು ಹೋಲಿಸಿದ ಪಟ್ಟಿ ಜನರ ಮುಂದೆ ಬಂದ ಮೇಲಷ್ಟೇ ಶರಾವತಿಯ ಹೆಸರು ಎತ್ತಬೇಕಿತ್ತು. ಇನ್ನು ಹಾಳಾದ ಕಣಿವೆ ಎಂಬ ಮಾತು ತೀರ ಅಪಾಯದ್ದು. ಒಮ್ಮೆ ಪೆಟ್ಟು ತಿಂದ ನದಿಗೆ ಮತ್ತೆ ಮತ್ತೆ ಪೆಟ್ಟು ಕೊಡಲು ಅದೇ ಪರವಾನಗಿಯಾಗುತ್ತದೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ 2019ರಲ್ಲಿ ಮಲೆನಾಡು ಎದ್ದದ್ದು ಈ ತರ್ಕದ ರುಚಿ ಕಂಡೇ.

ಮೂರನೆಯದು, ಮಲೆನಾಡಿನವರೂ ವಿದ್ಯುತ್ ಬಳಸುತ್ತಾರಲ್ಲ, ನಮ್ಮ ಹಿತ್ತಲಲ್ಲಿ ಮಾತ್ರ ಬೇಡ ಎನ್ನುವುದು ಸ್ವಾರ್ಥವಲ್ಲವೇ ಎಂಬುದು. ಲಿಂಗನಮಕ್ಕಿ, ಸೂಪಾ, ಕದ್ರಾ, ಕೊಡಸಳ್ಳಿ, ವಾರಾಹಿ, ಗೇರುಸೊಪ್ಪ, ಕೈಗಾಗಳನ್ನು ಹೊತ್ತುಕೊಂಡ ಪ್ರದೇಶಕ್ಕೆ ಈ ಮಾತು ಹೇಳುವುದು ಕಷ್ಟ. ಆದರೂ ಇದರಲ್ಲಿ ಪರಿಸರವಾದಿಗಳು ಕೇಳಿಸಿಕೊಳ್ಳಬೇಕಾದ ಒಂದು ಅಂಶ ಇದೆ. ಒಂದು ಪ್ರದೇಶದ ಹೊರೆ ಇನ್ನೊಂದಕ್ಕೆ ದಾಟಿದರೆ ಅದು ನ್ಯಾಯವಲ್ಲ. ಪಾವಗಡದ ಸೌರ ಉದ್ಯಾನವನ್ನು ನೋಡಿ. 2,050 ಮೆಗಾವ್ಯಾಟ್‌ನ ಈ ಉದ್ಯಾನಕ್ಕಾಗಿ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಬರದ ನಾಡಿನ ಭೂಮಾಲೀಕರಿಗೆ ಇದು ಖಾತ್ರಿ ಆದಾಯ, ಒಡೆತನವೂ ಉಳಿಯಿತು. ಶರಾವತಿಯ ಸಂತ್ರಸ್ತರಿಗೆ ಹೋಲಿಸಿದರೆ ಎಷ್ಟೋ ಮೇಲಾದ ವ್ಯವಸ್ಥೆ. ಆದರೆ ಭೂಮಿ ಇಲ್ಲದ ಕೂಲಿಕಾರರಿಗೂ ಕುರಿ ಕಾಯುವವರಿಗೂ ಆ ಗುತ್ತಿಗೆಯಲ್ಲಿ ಪಾಲಿರಲಿಲ್ಲ, ಅವರ ಹೊಲದ ಕೆಲಸವೂ ಮೇವಿನ ನೆಲವೂ ಹೋದವು. ಮುಂದಿನ ಉದ್ಯಾನಗಳಲ್ಲಿ ಈ ಕೊರತೆ ಸರಿಯಾಗಲಿ ಎಂದು ಕೇಳುವುದು ನದಿಯ ಪರ ನಿಂತವರ ಕೆಲಸವೂ ಹೌದು.

ಎರಡನ್ನೂ ಒಂದೇ ಕಡತದಲ್ಲಿ ಇಟ್ಟವರು

ನದಿ ಮತ್ತು ವಿದ್ಯುತ್ತನ್ನು ಒಟ್ಟಿಗೆ ಯೋಜಿಸುವುದು ಕನಸಿನ ಮಾತಲ್ಲ. ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿ ಕಣಿವೆ ಜಗತ್ತಿನ ದೊಡ್ಡ ಜಲವಿದ್ಯುತ್ ಪ್ರದೇಶಗಳಲ್ಲೊಂದು. ಅಲ್ಲಿನ ಅಣೆಕಟ್ಟುಗಳಿಂದ ಸಾಮನ್ ಮೀನು ಕ್ಷೀಣಿಸಿ, ಅದನ್ನೇ ನಂಬಿದ್ದ ಮೂಲನಿವಾಸಿಗಳ ಬದುಕು ಕುಸಿಯಿತು. 1970ರ ದಶಕದಲ್ಲಿ ಬೇಡಿಕೆ ವಿಪರೀತ ಏರುತ್ತದೆಂಬ ಅಂದಾಜಿನ ಮೇಲೆ ಅಲ್ಲಿ ಐದು ಅಣುಸ್ಥಾವರಗಳನ್ನು ಒಟ್ಟಿಗೆ ಕಟ್ಟಲು ಹೊರಟರು. ಅಂದಾಜು ಸುಳ್ಳಾಯಿತು, ಪೂರ್ಣಗೊಂಡದ್ದು ಒಂದು. 1983ರಲ್ಲಿ ಅವನ್ನು ಕಟ್ಟಲು ಹೊರಟಿದ್ದ ಸಂಸ್ಥೆ 225 ಕೋಟಿ ಡಾಲರಿನ ಸಾಲಪತ್ರಗಳ ಮೇಲೆ ಕೈಯೆತ್ತಿತು. ಇದರ ನಡುವೆ 1980ರಲ್ಲಿ ಬಂದ ಕಾನೂನು ನಾಲ್ಕು ರಾಜ್ಯಗಳ ಪ್ರತಿನಿಧಿಗಳ ಒಂದು ಮಂಡಳಿ ರಚಿಸಿ ಎರಡು ಹೊಣೆಗಳನ್ನು ಜೊತೆಯಾಗಿ ಹೊರಿಸಿತು: ಇಪ್ಪತ್ತು ವರ್ಷದ ವಿದ್ಯುತ್ ಯೋಜನೆ ಮಾಡುವುದು, ಅದರೊಂದಿಗೆ ನದಿಯ ಮೀನು ಮತ್ತು ವನ್ಯಜೀವಿಗಳ ಚೇತರಿಕೆಯ ಕಾರ್ಯಕ್ರಮ ರೂಪಿಸುವುದು. ಹೊಸ ಸ್ಥಾವರಕ್ಕಿಂತ ಮೊದಲು ವಿದ್ಯುತ್ ಉಳಿತಾಯವನ್ನೇ ಸಂಪನ್ಮೂಲವೆಂದು ಎಣಿಸಬೇಕೆಂದೂ ಕಾನೂನು ಹೇಳಿತು. ಇಂದು ಆ ಪ್ರದೇಶದಲ್ಲಿ ಜಲವಿದ್ಯುತ್ ಬಿಟ್ಟರೆ ಅತಿ ದೊಡ್ಡ ವಿದ್ಯುತ್ ಮೂಲ ದಕ್ಷತೆಯಿಂದ ಬಂದ ಉಳಿತಾಯವೇ. ಸಾಮನ್ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ, ಅಲ್ಲಿಯೂ ಜಗಳ ಮುಗಿದಿಲ್ಲ. ಆದರೆ ಜಗಳ ನಡೆಯುವುದು ಎರಡೂ ಲೆಕ್ಕಗಳನ್ನು ಮೇಜಿನ ಮೇಲೆ ಇಟ್ಟುಕೊಂಡು. ಶಿರಸಿಯ ರೈತರು 1981ರಲ್ಲಿ ತಮ್ಮ ಖರ್ಚಿನಲ್ಲಿ ಮಾಡಿದ ಕೆಲಸವನ್ನು ಅಲ್ಲಿ ಕಾನೂನು ಒಂದು ಸಂಸ್ಥೆಗೆ ಒಪ್ಪಿಸಿದೆ.

ಕರ್ನಾಟಕಕ್ಕೆ ಬೇಕಿರುವುದು ಅಂಥದ್ದೊಂದು ಏರ್ಪಾಡು. ರಾಜ್ಯದ ವಿದ್ಯುತ್ ಯೋಜನೆ ಸಿದ್ಧವಾಗುವಾಗಲೇ ಪ್ರತಿ ನದಿಕಣಿವೆಯ ಸ್ಥಿತಿಗತಿ ಅದರ ಭಾಗವಾಗಿರಬೇಕು. ಯಾವ ಹೊಳೆಗೆ ಯಾವ ತಿಂಗಳಲ್ಲಿ ಎಷ್ಟು ನೀರು ಹರಿಯಲೇಬೇಕು ಎಂಬುದು ಮೊದಲು ನಿಗದಿಯಾಗಬೇಕು. 25 ಮೆಗಾವ್ಯಾಟ್‌ನ ವಿನಾಯಿತಿ ಪಶ್ಚಿಮ ಘಟ್ಟದಲ್ಲಿ ಕೊನೆಗೊಳ್ಳಬೇಕು. ಅಘನಾಶಿನಿಯಂತೆ ಇನ್ನೂ ಕಟ್ಟಿಲ್ಲದೆ ಹರಿಯುವ ನದಿಗಳನ್ನು ಹಾಗೆಯೇ ಬಿಡುವ ನಿರ್ಧಾರ ಕಾನೂನಾಗಿ ಬರಬೇಕು, ಇಲ್ಲವಾದರೆ ಜಲವಿದ್ಯುತ್ ಹೋದ ಜಾಗಕ್ಕೆ ನದಿ ತಿರುವು ಬರುತ್ತದೆ. ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಪ್ರಸ್ತಾಪಗಳು ಇದನ್ನೇ ತೋರಿಸುತ್ತಿವೆ. ಹಳೆಯ ಮುಳುಗಡೆಯ ಸಂತ್ರಸ್ತರ ಹಕ್ಕುಪತ್ರ ಬಗೆಹರಿಯುವವರೆಗೆ ಅದೇ ಕಣಿವೆಯಲ್ಲಿ ಹೊಸ ಯೋಜನೆಯ ಮಾತೇ ಎತ್ತಬಾರದು.

ಹೋರಾಟಗಾರರ ಮೇಲೂ ಒಂದು ಹೊಣೆ ಇದೆ. ಯಾವುದು ಬೇಡ ಎಂದು ಗಟ್ಟಿಯಾಗಿ ಹೇಳಿದಷ್ಟೇ ಗಟ್ಟಿಯಾಗಿ ಯಾವುದು ಬೇಕು ಎಂದೂ ಹೇಳಬೇಕು. ಬೇಡ್ತಿಗಾಗಿ ಲೆಕ್ಕ ಹಾಕಿಸಿದ ಸಹಕಾರ ಸಂಘಗಳ ನಾಡಿಗೆ ತನ್ನ ಊರುಗಳ ಮಾಡಿನ ಮೇಲೆ, ಅಡಿಕೆ ಸಂಸ್ಕರಣಾ ಘಟಕಗಳ ಮೇಲೆ, ಸೊಸೈಟಿ ಗೋದಾಮುಗಳ ಮೇಲೆ ಸೌರಫಲಕ ಕೂರಿಸುವುದು ಆಗದ ಕೆಲಸವಲ್ಲ. 2024ರಿಂದ ಮನೆಯ ಛಾವಣಿಗೆ ಕೇಂದ್ರದ ಸಹಾಯಧನವೂ ಇದೆ. ಮಳೆಗಾಲದ ಮೋಡದಲ್ಲಿ ಮಲೆನಾಡಿಗೆ ಬಿಸಿಲು ಕಡಿಮೆ, ಆದರೆ ಅದೇ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ. ರಾಜ್ಯದ ಒಂದು ಭಾಗದ ಗಾಳಿ, ಇನ್ನೊಂದು ಭಾಗದ ಬಿಸಿಲು, ಮತ್ತೊಂದು ಭಾಗದ ಈಗಿರುವ ಜಲಾಶಯ ಇವು ಒಂದನ್ನೊಂದು ತುಂಬಿಕೊಡುವಂತೆ ಜೋಡಿಸುವುದು ಇಂಜಿನಿಯರಿಂಗ್‌ಗೆ ಸಾಧ್ಯವಾದ ಕೆಲಸ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಒಯ್ದ ರಾಜ್ಯ ಇದು. ಆ ಕಾಲದಲ್ಲಿ ನದಿಯಿಂದ ಎಷ್ಟು ಪಡೆಯಬಹುದು ಎಂಬುದೇ ಜಾಣತನದ ಅಳತೆಯಾಗಿತ್ತು. ನೂರಿಪ್ಪತ್ತು ವರ್ಷಗಳ ಪುರಾವೆ ಕಣ್ಣ ಮುಂದಿರುವಾಗ ನದಿಗೆ ಎಷ್ಟು ಬಿಡಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದದ್ದರಲ್ಲಿ ಬೆಳಕು ಹೊಂದಿಸುವುದೇ ನಮ್ಮ ಕಾಲದ ಜಾಣತನ. ಅದಕ್ಕೆ ಬೇಕಾದ ಬಿಸಿಲು, ಗಾಳಿ, ತಂತ್ರಜ್ಞಾನ ಮೂರೂ ರಾಜ್ಯದಲ್ಲಿವೆ. ಶರಾವತಿಯ ಕಡತವನ್ನು ಮುಚ್ಚಿ, ಬೇರೆ ದಾರಿಗಳ ಲೆಕ್ಕವನ್ನು ಜನರ ಮುಂದೆ ತೆರೆಯುವ ನಿರ್ಧಾರವೊಂದು ಸರ್ಕಾರದಿಂದ ಬರಬೇಕಾಗಿದೆ.